ಕಡತ ಒಳಬರುವ ಬಾಗಿಲು
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿ ಪಾಳಿಗೆ ಹೊರಡಬೇಕಾದವರೂ ಇಲ್ಲಿ ಕುಳಿತಿದ್ದೀರಿ. ಆದುದರಿಂದ ನೇರವಾಗಿ ವಿಷಯಕ್ಕೆ ಬರುವೆನು. ಸದಸ್ಯರು ತಮ್ಮ ಆಧಾರ್, ರೇಶನ್ ಕಾರ್ಡು, ಪ್ರಾವಿಡೆಂಟ್ ಫಂಡಿನ ಕಾಗದ ಇವುಗಳ ಚಿತ್ರವನ್ನು ಮೊಬೈಲಿನಿಂದಲೇ ಸಂಘದ ಸರ್ವರಿಗೆ ಏರಿಸುವ ಏರ್ಪಾಡು ಮುಂದಿನ ತಿಂಗಳು ಆರಂಭವಾಗಬೇಕೆಂದು ಕಾರ್ಯಕಾರಿ ಸಮಿತಿಯ ಆಸೆ. ಆಸೆ ಒಳ್ಳೆಯದೇ. ಆದರೆ ಬಾಗಿಲಿಗೆ ಕಾವಲಿಲ್ಲದೆ ತೆರೆಯಬಾರದೆಂದು ನನ್ನ ವಾದ.

ಸರ್ವರ್ ಎಂದೊಡನೆ ಹೊಟೇಲಿನಲ್ಲಿ ತಿಂಡಿ ತಂದಿಡುವ ಮಾಣಿ ನೆನಪಾದರೆ ತಪ್ಪೇನಿಲ್ಲ. ಕೇಳಿದ್ದನ್ನು ತಂದುಕೊಡುವುದೇ ಈ ಕಂಪ್ಯೂಟರಿನ ಕೆಲಸವೂ ಹೌದು. ಒಳಗೆ ಬಂದದ್ದು ಹಳಸಿದ್ದರೆ ಹಳಸಿದ್ದನ್ನೇ ಬಡಿಸುತ್ತದೆ.

ನಾನು ಹಿಂದೆ ಲೆಕ್ಕ ಬರೆಯುತ್ತಿದ್ದ ಒಂದು ಕಚೇರಿಯಲ್ಲಿ ಕೆಲಸದ ಅರ್ಜಿಗಳನ್ನು ಹೀಗೆಯೇ ಏರಿಸಿಕೊಳ್ಳುತ್ತಿದ್ದರು. ಒಂದು ಅರ್ಜಿಯ ಹೆಸರು ಪಿಡಿಎಫ್ ಎಂದು ಮುಗಿದಂತೆ ಕಾಣುತ್ತಿತ್ತು. ಅದರ ಹಿಂದೆ ಇಎಕ್ಸ್‌ಇ ಎಂಬ ಇನ್ನೊಂದು ಬಾಲ ಪರದೆಯಲ್ಲಿ ಕಾಣದಂತೆ ಅಡಗಿತ್ತು. ಗುಮಾಸ್ತೆ ಹೆಣ್ಣುಮಗಳು ತೆರೆದಳು. ಸಂಜೆಯೊಳಗೆ ಸಂಬಳದ ಲೆಕ್ಕಕ್ಕೆಲ್ಲ ಬೀಗ ಬಿದ್ದಂತಾಗಿ, ಬಿಡಿಸಲು ಹಣ ಕೇಳುವ ಪತ್ರ ಪರದೆಯ ಮೇಲೆ ನಿಂತಿತು. ಆ ತಿಂಗಳು ಪಗಾರ ಹನ್ನೊಂದು ದಿನ ತಡ. ಊರಿಗೆ ಹಣ ಕಳುಹಿಸುವವನಿಗೆ ಹನ್ನೊಂದು ದಿನವೆಂದರೇನೆಂದು ನಿಮಗೆ ಹೇಳಬೇಕಾಗಿಲ್ಲ. ಬೈಗುಳವೆಲ್ಲ ಆ ಹೆಣ್ಣುಮಗಳ ಪಾಲಿಗೆ ಬಂತು. ಬಾಗಿಲು ಕಟ್ಟಿದವರನ್ನು ಯಾರೂ ಕೇಳಲಿಲ್ಲ.

ಈ ಉಪಾಯ ಹಳೆಯದು. 2000ದ ಮೇ ತಿಂಗಳಲ್ಲಿ ಫಿಲಿಪೈನ್ಸಿನಿಂದ ಹೊರಟು ಜಗತ್ತನ್ನು ಸುತ್ತಿದ 'ಐ ಲವ್ ಯೂ' ಹುಳುವೂ ಪ್ರೇಮಪತ್ರವೆಂಬ ಹೆಸರಿಗೆ ಎರಡು ಬಾಲ ಅಂಟಿಸಿಕೊಂಡೇ ಇಮೇಲಿನಲ್ಲಿ ಬಂದಿತ್ತು.

ಹೆಸರನ್ನು ನಂಬಬಾರದು. ಚೀಲದ ಮೇಲೆ ಸೋನಾಮಸೂರಿ ಎಂದು ಬರೆದ ಮಾತ್ರಕ್ಕೆ ಭಟ್ಟರು ಅಕ್ಕಿಯನ್ನು ಒಲೆಗೆ ಏರಿಸುವುದಿಲ್ಲ. ಬಾಯಿ ಬಿಚ್ಚಿ, ಕೈಹಾಕಿ ನೋಡುತ್ತಾರೆ. ಕಡತಕ್ಕೂ ಒಳಗುರುತು ಉಂಟು. ಜೆಪೆಗ್ ಚಿತ್ರ ಎಫ್‌ಎಫ್, ಡಿ8 ಎಂಬ ಎರಡು ಬೈಟುಗಳಿಂದ ಆರಂಭವಾಗುತ್ತದೆ. ಪಿಡಿಎಫ್ ಕಡತದ ಮೊದಲಲ್ಲಿ ಶೇಕಡಾ ಚಿಹ್ನೆಯೂ ಪಿಡಿಎಫ್ ಎಂಬ ಅಕ್ಷರಗಳೂ ಇರುತ್ತವೆ. ವಿಂಡೋಸಿನಲ್ಲಿ ಓಡುವ ಇಎಕ್ಸ್‌ಇಗೆ ಎಂ, ಝಡ್. ನಮಗೆ ಬೇಕಾದುದು ಚಿತ್ರ ಮತ್ತು ಪಿಡಿಎಫ್ ಎರಡೇ. ಉಳಿದುದು ಬಾಗಿಲಿನಿಂದಲೇ ಹಿಂದಿರುಗಲಿ. ಪಾಸ್‌ವರ್ಡ್ ಹಾಕಿದ ಜಿಪ್ ಗಂಟಂತೂ ಬೇಡವೇ ಬೇಡ. ಅದರ ಒಳಗನ್ನು ಯಾವ ಪರೀಕ್ಷಕನೂ ನೋಡಲಾರ.

ವೈರಸ್ ಹಿಡಿಯುವ ತಂತ್ರಾಂಶ ಹಾಕಿದರೆ ಸಾಲದೇ ಎಂದು ಸಮಿತಿಯಲ್ಲಿ ಒಬ್ಬರು ಕೇಳಿದರು. ಕ್ಲಾಮ್‌ಎವಿ ಎಂಬುದು ದುಡ್ಡಿಲ್ಲದೆ ಸಿಗುತ್ತದೆ, ಅಗತ್ಯವಾಗಿ ಹಾಕೋಣ. ಆದರೆ ಅದು ಬಹುಮಟ್ಟಿಗೆ ಪೋಲೀಸು ಠಾಣೆಯ ಗೋಡೆಯ ಮೇಲಿನ ಚಿತ್ರಗಳ ಹಾಗೆ. ಪಟ್ಟಿಯಲ್ಲಿದ್ದ ಕಳ್ಳನನ್ನು ಹಿಡಿಯುತ್ತದೆ. ನಿನ್ನೆ ಕಳ್ಳನಾದವನನ್ನು ಬಿಟ್ಟೀತು. ಪಟ್ಟಿ ದಿನವೂ ಹೊಸದಾಗಬೇಕು. ಪರೀಕ್ಷೆ ಕೆಟ್ಟು ನಿಂತ ದಿನ ಕಡತ ಹೊರಗೇ ಕಾಯಬೇಕು. ಅಂದು 'ಪರವಾಗಿಲ್ಲ, ಬರಲಿ' ಎನ್ನುವುದಾದರೆ ಆ ಕಾವಲುಗಾರ ಇದ್ದೂ ಇಲ್ಲದಂತೆ. ಅವನು ಎಚ್ಚರವಾಗಿರುವನೋ ಎಂದು ನೋಡಲು ಐಕಾರ್ ಎಂಬ 68 ಅಕ್ಷರಗಳ ಪರೀಕ್ಷಾ ಕಡತವಿದೆ. ಅದರಿಂದ ಯಾವ ಅಪಾಯವೂ ಇಲ್ಲ. ನಿಜವಾದ ವೈರಸನ್ನೇ ತಂದು ನೋಡೋಣ ಎಂಬ ಸಾಹಸ ಯಾರಿಗೂ ಬೇಡ.

ಇಷ್ಟಾದರೂ ಒಂದು ಬಾಕಿ. ಇಮೇಜ್‌ಮ್ಯಾಜಿಕ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ 2016ರಲ್ಲಿ ಕಂಡುಬಂದ ದೋಷದಿಂದ, ಚಿತ್ರವೆಂದು ಏರಿಸಿದ ಕಡತವೇ ಸರ್ವರಿಗೆ ಅಪ್ಪಣೆ ಕೊಡುವಂತಾಗಿತ್ತು. ನಮ್ಮಲ್ಲಿ ಹಾಗಾದರೆ ಒಬ್ಬನ ಕಡತದಿಂದ ಎಲ್ಲರ ಆಧಾರೂ ಕಳ್ಳರ ಕೈಗೆ ಹೋದೀತು. ಆದುದರಿಂದ ಇಂಥ ತಂತ್ರಾಂಶಗಳನ್ನು ಕಾಲಕಾಲಕ್ಕೆ ಸರಿಪಡಿಸುತ್ತಿರಬೇಕು. ಬಂದ ಕಡತಕ್ಕೆ ಸರ್ವರೇ ಹೊಸ ಹೆಸರಿಡಬೇಕು. ಜಾಲತಾಣದ ಪುಟಗಳಿರುವ ಜಾಗ ಬಿಟ್ಟು, ಓದಬಹುದು ಆದರೆ ಓಡಿಸಲಾಗದು ಎಂಬಂಥ ಬೇರೆ ಉಗ್ರಾಣದಲ್ಲಿಡಬೇಕು.

ಇವೆಲ್ಲ ಆಗಿ, ಐಕಾರ್ ಕಡತ ನಮ್ಮ ಕಣ್ಣೆದುರಿಗೆ ಸಿಕ್ಕಿಬಿದ್ದ ಮೇಲೆಯೇ ಬಾಗಿಲು ತೆರೆಯಬೇಕೆಂದು ಸೂಚಿಸುತ್ತೇನೆ. ಅಲ್ಲಿಯತನಕ ಭಾನುವಾರ ಹತ್ತರಿಂದ ಒಂದು ಗಂಟೆಯವರೆಗೆ ನಾನು ಸಂಘದ ಕೋಣೆಯಲ್ಲಿರುತ್ತೇನೆ. ಝೆರಾಕ್ಸ್ ಪ್ರತಿಗಳನ್ನು ಕೈಯಲ್ಲೇ ತನ್ನಿ.