ಬೆರಕೆ ಹಕ್ಕಿಗಳ ದಿಂಡಿ
(ಧನಕವಡಿಯ ವಾಚನಾಲಯದಲ್ಲಿ ಮಾಡಿದ ಭಾಷಣ)



ಗಿರಣಿಯ ಕಾರಕೂನನಿಗೂ ಹಕ್ಕಿಗಳಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಲೆಕ್ಕ ಬರೆಯುವವನಿಗೆ ಸದಾ ಲಾಭ-ನಷ್ಟದ ಗುಂಗು. ಹಕ್ಕಿಗಳಲ್ಲಿಯೂ ಅದೇ ಕಂಡದ್ದರಿಂದ ಈ ವಿಷಯ ಆರಿಸಿಕೊಂಡೆ.

ಮೇಯುವ ಎಮ್ಮೆಯ ಬೆನ್ನೇರಿ ಕೂತ ಕರಿಯ ಕಾಜಾಣವನ್ನು ನೀವೆಲ್ಲ ನೋಡಿರುತ್ತೀರಿ. ಎಮ್ಮೆಯ ಕಾಲ್ತುಳಿತಕ್ಕೆ ಎದ್ದ ಮಿಡತೆ ಅದರ ಪಾಲು. ಇದೇ ವ್ಯವಹಾರ ದೊಡ್ಡದಾಗಿ ನಡೆಯುವುದನ್ನು ಕಾಣಬೇಕಾದರೆ ನಮ್ಮ ಉತ್ತರ ಕನ್ನಡದ ಕಾಡಿಗೆ, ಜೋಯಿಡಾ ಸೀಮೆಯ ಅಣಶಿಗೆ ಹೋಗಬೇಕು. ಬಹಳ ಹೊತ್ತು ಕಾಡು ಮೌನವಾಗಿರುತ್ತದೆ. ಒಮ್ಮೆಲೆ ನಾನಾ ಜಾತಿಯ ಹಕ್ಕಿಗಳು ಪಂಢರಪುರದ ದಿಂಡಿಯಂತೆ ಬಂದು, ಮರಮರವನ್ನೂ ಸೋಸಿ ಮುಂದೆ ಸಾಗುತ್ತವೆ. ಪೊದೆಯಲ್ಲಿ ಹರಟೆಮಲ್ಲನ ಬಳಗದ ಕಂದು ಹಕ್ಕಿಗಳು, ಕಾಂಡದಲ್ಲಿ ಮರಕುಟಿಗ, ನೆತ್ತಿಯಲ್ಲಿ ಚಿತ್ರಪಕ್ಷಿ. ಈ ಚಿತ್ರಪಕ್ಷಿಯ ಗಂಡು ಕೆಂಡದ ಬಣ್ಣ ಮತ್ತು ಕಪ್ಪು, ಹೆಣ್ಣು ಹಳದಿ ಮತ್ತು ಬೂದಿ. ಒಂದೇ ಸಂಸಾರಕ್ಕೆ ಎರಡು ಅಂಗಡಿಯ ಬಟ್ಟೆ!

ಬಣ್ಣದ ವಿಷಯದಲ್ಲಿ ಒಂದು ವಾದವುಂಟು. ಪನಾಮದ ಹಕ್ಕಿಗಳನ್ನು ಅಭ್ಯಾಸ ಮಾಡಿದ ಮಾರ್ಟಿನ್ ಮೊಯ್ನಿಹನ್ ಎಂಬವರು, ಕೂಡಿ ತಿರುಗುವ ಬೇರೆ ಬೇರೆ ಜಾತಿಗಳು ಕಾಲಕ್ರಮದಲ್ಲಿ ಒಂದೇ ತೆರನ ಪುಕ್ಕ ತೊಡುತ್ತವೆ, ಈ ಸಮವಸ್ತ್ರ ಗುಂಪನ್ನು ಹಿಡಿದಿಡುತ್ತದೆ ಎಂದು 1968ರಲ್ಲಿ ಬರೆದರು. ಮಾತು ಸೊಗಸಾಗಿದೆ, ನಮ್ಮ ಘಟ್ಟದ ತಂಡಕ್ಕೆ ಮಾತ್ರ ಆ ಅಂಗಿ ಹೊಂದುವುದಿಲ್ಲವೆಂದೇ ನನ್ನ ಎಣಿಕೆ. ಅಣಶಿಯಲ್ಲಿ ಈ ತಂಡಗಳ ಬೆನ್ನು ಹತ್ತಿದ್ದ ಹರಿ ಶ್ರೀಧರ್ ಮತ್ತು ಸಂಗಡಿಗರು 2012ರಲ್ಲಿ ಜಗತ್ತಿನ ಹಲವೆಡೆಯ ತಂಡಗಳನ್ನು ತಾಳೆ ನೋಡಿದರು. ಮೈಗಾತ್ರದಲ್ಲಿಯೂ ಆಹಾರ ಹುಡುಕುವ ರೀತಿಯಲ್ಲಿಯೂ ಹತ್ತಿರವಿದ್ದ ಜಾತಿಗಳೇ ಹೆಚ್ಚಾಗಿ ಜೊತೆಗೂಡುತ್ತವೆಂದು ಕಂಡುಬಂತು.

ಕೂಡುವುದೇಕೆ? ಕಣ್ಣು ಹೆಚ್ಚಿದಷ್ಟೂ ಗಿಡುಗ ಬೇಗ ಕಾಣುತ್ತದೆ. ಅಂಜಿ ನೋಡುವ ಹೊತ್ತು ಉಳಿದು ಹುಳು ಹೆಕ್ಕಲು ಒದಗುತ್ತದೆ. ಕಾವಲಿಗೆ ಭೀಮರಾಜ ಉಂಟು. ಮಿರುಗುವ ಕಪ್ಪು ಮೈ, ಬಾಲದಲ್ಲಿ ಎರಡು ತಂತಿ, ತಂತಿಯ ತುದಿಗೆ ಗರಿಯ ಬಿಲ್ಲೆ. ಪರಜಾತಿಯ ದನಿಗಳನ್ನು ಅನುಕರಿಸುವುದರಲ್ಲಿ ಇದು ಬಹುರೂಪಿ. ಶ್ರೀಲಂಕೆಯ ಸಿಂಹರಾಜ ಕಾಡಿನಲ್ಲಿ ಗುಡೇಲ್, ಕೋಟಗಾಮ ಎಂಬಿಬ್ಬರು ಭೀಮರಾಜನ ಹತ್ತಿರದ ಬಂಧುವಿನ ಕೂಗನ್ನು ಮುದ್ರಿಸಿ ಕೇಳಿಸಿದರು. ಪರರ ದನಿ ಬೆರೆತ ಕೂಗಿಗೇ ಬೇರೆ ಹಕ್ಕಿಗಳು ಹೆಚ್ಚಾಗಿ ಬಂದವು. ಅಂದರೆ ಕಾವಲುಗಾರನೇ ತಂಡವನ್ನು ಕರೆದು ಕೂಡಿಸಬಲ್ಲ.

ಕಾವಲು ಪುಕ್ಕಟೆಯಲ್ಲ. ಇತರರು ಎಬ್ಬಿಸಿದ ಹುಳುವನ್ನು ಭೀಮರಾಜ ಗಾಳಿಯಲ್ಲೇ ಹಿಡಿಯುತ್ತದೆ. ಕೆಲವೊಮ್ಮೆ ಇನ್ನೊಂದರ ಕೊಕ್ಕಿನಿಂದಲೇ ಕಸಿಯುತ್ತದೆ. ಆಫ್ರಿಕದ ಕಲಹಾರಿಯ ಕಾಜಾಣ ಇನ್ನೂ ಘಾಟಿ. ಗಿಡುಗ ಬಾರದಿದ್ದರೂ ಬಂತೆಂದು ಕೂಗುತ್ತದೆ. ಹರಟೆಮಲ್ಲಗಳೂ, ಮುಂಗುಸಿಯ ಜಾತಿಯ ಮೀರ್ಕ್ಯಾಟುಗಳೂ ತುತ್ತು ಬಿಟ್ಟು ಓಡುತ್ತವೆ. ಇದು ಬಂದು ಎತ್ತಿಕೊಳ್ಳುತ್ತದೆ. ಟಾಮ್ ಫ್ಲವರ್ ಎಂಬವರ ಲೆಕ್ಕದಲ್ಲಿ ದಿನದ ಆಹಾರದ ಸುಮಾರು ಕಾಲುಭಾಗ ಹೀಗೆ ಕದ್ದದ್ದು. ಮೋಸ ತಿಳಿದೂ ಓಡುವುದೇಕೆ? ಸುಳ್ಳನ್ನು ನಂಬಿದರೆ ಹೋಗುವುದು ಒಂದು ತುತ್ತು. ನಿಜವನ್ನು ನಂಬದಿದ್ದರೆ ಪ್ರಾಣ. ಆದರೂ ಒಂದೇ ಕೂಗು ಪದೇ ಪದೇ ಕೇಳಿದರೆ ಅವು ಓಡುವುದನ್ನು ಬಿಡುತ್ತವೆ. ಆಗ ಕಾಜಾಣ ಬೇರೊಬ್ಬರ ದನಿಯಲ್ಲಿ ಕೂಗುತ್ತದೆ.