ತಲೆ ಮೇಲಿನ ತಂತಿ

(ಚಿಕ್ಕೋಡಿಯಲ್ಲಿ ಹಾಸ್ಟೆಲ್ ಹುಡುಗರ ಸಭೆಯಲ್ಲಿ ಆಡಿದ ಮಾತು)



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಐದೂ ತಾಲೂಕಿನಿಂದ ಬಂದೀರಿ. ಇವ ಕವಿತೆ ಓದ್ತಾನ ಅಂತ ಕುಂತಿರಬೇಕು. ಇವತ್ತು ಕವಿತೆ ಬ್ಯಾಡ. ನಾನು ಬಿ.ಎ. ಓದಿದವ, ಕರೆಂಟಿನ ಪಾಠ ಹೇಳಾಕ ಇವ ಯಾರು ಅಂತ ಕೇಳಬಹುದು. ತಂತಿ ಇರೋದು ನಮ್ಮ ತಲೆ ಮ್ಯಾಲೆ. ಅದಕ್ಕೇ ಮಾತಾಡ್ತೀನಿ.

2019ರ ಆಗಸ್ಟ್ 18. ಕೊಪ್ಪಳದ ಹಿಂದುಳಿದ ವರ್ಗಗಳ ಹಾಸ್ಟೆಲ್. ಸ್ವಾತಂತ್ರ್ಯ ದಿನಕ್ಕೆ ನಿಲ್ಲಿಸಿದ್ದ ಧ್ವಜದ ಕಂಬ ತೆಗೆಯುವಾಗ ಅದು ಹೈಟೆನ್ಷನ್ ತಂತಿಗೆ ತಾಗಿತು. ಐದು ಮಂದಿ ವಿದ್ಯಾರ್ಥಿಗಳು ಸತ್ತರು. ನಿಮ್ಮಂಥವರೇ. ಓದಿ ದೊಡ್ಡವನಾಗಲಿ ಅಂತ ಮನೆಯವರು ಕಳಿಸಿದ ಮಕ್ಕಳು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಸಿನೆಮಾ ನಟನ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋದ ಮೂವರು ಯುವಕರು ಇದೇ ರೀತಿ ಹೋದರು. ನಮ್ಮ ದೇಶದಲ್ಲಿ ವರ್ಷಕ್ಕೆ 10,000ಕ್ಕೂ ಹೆಚ್ಚು ಜನ ಕರೆಂಟು ಹೊಡೆದು ಸಾಯ್ತಾರೆ.

ಏಪ್ರಿಲ್ 14 ಬಂದರೆ ನಾವು ಏನು ಮಾಡ್ತೀವಿ? ಕೇರಿಯಲ್ಲಿ ನೀಲಿ ಧ್ವಜ ಏರಿಸ್ತೀವಿ. ಬಿದಿರು ಸಣ್ಣದಾಯ್ತು ಅಂತ ಕಬ್ಬಿಣದ ಪೈಪು ತರ್ತೀವಿ. ಪೈಪಿನ ಉದ್ದ 20 ಅಡಿ. ರಸ್ತೆ ದಾಟುವ 11,000 ವೋಲ್ಟಿನ ತಂತಿ ನೆಲದಿಂದ 6.1 ಮೀಟರ್ ಎತ್ತರ ಇರಬೇಕೆಂದು ನಿಯಮ. ಅಂದರೆ ಅದೂ 20 ಅಡಿ! ಹೊಲದಲ್ಲಿ 4.6 ಮೀಟರ್, 15 ಅಡಿ ಇದ್ದರೂ ನಡೀತೈತಿ. ಲೆಕ್ಕ ನೀವೇ ಹಾಕ್ರಿ. ನಿಯಮದ ಪ್ರಕಾರವೇ ಇರುವ ತಂತಿಗೂ ನಮ್ಮ ಪೈಪು ಮುಟ್ಟತೈತಿ. ಜೋತುಬಿದ್ದ ತಂತಿಯ ಮಾತು ಬ್ಯಾರೆ ಬೇಕೆ?

ಕರೆಂಟು ಹೆಂಗ ಕೊಲ್ಲತೈತಿ? ತಂತಿ ಮೇಲೆ ಕುಂತ ಗುಬ್ಬಿ ಸಾಯೋದಿಲ್ಲ. ಯಾಕಂದ್ರ ಅದರ ಎರಡೂ ಕಾಲು ಒಂದೇ ತಂತಿ ಮೇಲೆ ಅದಾವ, ನೆಲದ ಸಂಬಂಧ ಇಲ್ಲ. ನಮ್ಮ ಕಾಲು ನೆಲದ ಮೇಲೆ. ಕರೆಂಟಿಗೆ ನೆಲ ಸೇರುವ ದಾರಿ ಬೇಕು, ನಮ್ಮ ಮೈ ಆ ದಾರಿಯಾಗತೈತಿ. ಸುಮಾರು 10 ಮಿಲಿ ಆಂಪಿಯರ್ ಹರಿದರೆ ಸಾಕು, ಹಿಡಿದ ಕೈ ಬಿಡಾಕ ಬರೋದಿಲ್ಲ. 100ರ ಹತ್ತಿರ ಹೋದರೆ ಎದೆಬಡಿತ ಅಸ್ತವ್ಯಸ್ತ. ನಮ್ಮ ಗುಡಿಸಲಿಗೆ ಸರಕಾರ ಕೊಟ್ಟ ಭಾಗ್ಯಜ್ಯೋತಿಯ ಒಂದೇ ಬಲ್ಬು ನೆನಪೈತೇನು? ಆ 40 ವಾಟಿನ ಬಲ್ಬು ಉರಿಯಲು ಬೇಕಾದ್ದು ಸುಮಾರು 170 ಮಿಲಿ ಆಂಪಿಯರ್. ಒಂದು ಬಡ ಬಲ್ಬಿಗೆ ಸಾಲುವಷ್ಟು ಕರೆಂಟು ಒಬ್ಬ ಮನುಷ್ಯನನ್ನು ಕೊಲ್ಲಲು ಸಾಕು.

ಕರೆಂಟಿಗೆ ಜಾತಿ ಇಲ್ಲ ಅಂತಾರೆ. ಖರೆ. ಆದರೆ ಸೈಟು ಹಂಚುವವರಿಗೆ ಜಾತಿ ಐತಿ. ತಂತಿ ಹಾಯ್ದ ಜಾಗ ಯಾರಿಗೂ ಬ್ಯಾಡಾದಾಗ ಅದು ನಮ್ಮ ಪಾಲಿಗೆ ಬರತೈತಿ. ರಾತ್ರಿ ಮೂರು ತಾಸು ಕರೆಂಟು ಬಂದರೆ ಧಣಿ ಮಲಗಿರ್ತಾನ, ಕಬ್ಬಿಗೆ ನೀರು ಬಿಡಲು ಹಸಿ ಕಾಲಲ್ಲಿ ಮೋಟರ್ ಚಾಲೂ ಮಾಡುವವ ನಮ್ಮ ಅಪ್ಪ. ಹಂದಿ ಬರ್ತಾವಂತ ಬೇಲಿಗೆ ಕರೆಂಟು ಬಿಡುವವ ಒಬ್ಬ, ನಸುಕಿನಲ್ಲಿ ಆ ಬೇಲಿ ದಾಟುವವಳು ಕೂಲಿಗೆ ಹೊಂಟ ನಮ್ಮವ್ವ. ಕೈಗವುಸಿಲ್ಲದೆ ಕಂಬ ಏರುವ ಗುತ್ತಿಗೆ ಹುಡುಗನೂ ನಮ್ಮಂಥವನೇ. ಅವನ ಮೇಲೆ ಸಿಟ್ಟು ಮಾಡಬ್ಯಾಡ್ರಿ.

ನಮ್ಮ ಕೇರಿಯಲ್ಲೂ ಒಂದು ತಂತಿ ಜೋತುಬಿದ್ದಿತ್ತು. ಕಾಕಾನ ಮನೆಯ ತಗಡಿನಿಂದ ಕೈಯಳತೆಯಲ್ಲಿ. ಮಳೆಗಾಲದಲ್ಲಿ ಆ ತಗಡು ಜುಮ್ ಅನ್ನುತ್ತಿತ್ತು. ಮೂರು ಸಲ ಕಚೇರಿಗೆ ಹೋಗಿ ಬಾಯಿಂದ ಹೇಳಿದೆವು. "ನೋಡೋಣ" ಅಂದರು. ಒಂದು ದಿನ ಗೋಡೆಗೆ ಮೈ ತಿಕ್ಕಿದ ಎಮ್ಮೆ ಅಲ್ಲೇ ಬಿತ್ತು. ಆವಾಗ ನಾನು ಅರ್ಜಿ ಬರೆದೆ. ನಾನು ಬರೆದ ಮೊದಲ ಗದ್ಯ ಅದು. ನಕಲಿನ ಮೇಲೆ ಸೀಲು ಹಾಕಿಸಿಕೊಂಡೆ. ಹದಿನೈದು ದಿನದಲ್ಲಿ ತಂತಿ ಎಳೆದು ಕಟ್ಟಿದರು. ಮೂರು ಸಲ ಬಾಯಿಂದ ಹೇಳಿದ್ದಕ್ಕಿಂತ ಒಂದು ಸೀಲು ಹೆಚ್ಚು ಕೆಲಸ ಮಾಡಿತು.

ಕಾನೂನು ನಮ್ಮ ಕಡೆ ಐತಿ. ಮಧ್ಯಪ್ರದೇಶದಲ್ಲಿ ರಾತ್ರಿ ಸೈಕಲ್ ಮೇಲೆ ಹೊಂಟವ ರಸ್ತೆಯಲ್ಲಿ ಕಡಿದುಬಿದ್ದ ತಂತಿಗೆ ಸಿಕ್ಕು ಸತ್ತ. ಯಾರೋ ಕಳ್ಳತನದಿಂದ ಕರೆಂಟು ಎಳೆದಿದ್ದರು, ತಪ್ಪು ನಮ್ಮದಲ್ಲ ಅಂದಿತು ವಿದ್ಯುತ್ ಮಂಡಳಿ. 2002ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಇಂಥ ಅಪಾಯದ ವಸ್ತು ಹರಿಸುವವರೇ ಅದರ ಹೊಣೆ ಹೊರಬೇಕು ಎಂದಿತು.

ಈಗ ಜೀವ ಉಳಿಸುವ ಮಾತು. ಗೆಳೆಯನಿಗೆ ಕರೆಂಟು ಹಿಡಿದರೆ ಓಡಿಹೋಗಿ ಹಿಡೀಬ್ಯಾಡ್ರಿ. ಹಿಡಿದವನ ಮೈಯಾಗೂ ಅದೇ ಕರೆಂಟು ಹರೀತೈತಿ. ಮನೆಯೊಳಗಿನ ಕರೆಂಟಾದರೆ ಮೊದಲು ಮೇನ್ ಸ್ವಿಚ್ ತೆಗೀರಿ. ಆಗದಿದ್ದರೆ ಒಣ ಜಾಗದಲ್ಲಿ ನಿಂತು ಒಣ ಕಟ್ಟಿಗೆಯಿಂದ ಸರಿಸಿರಿ. ಹೈಟೆನ್ಷನ್ ತಂತಿಗೆ ಕಟ್ಟಿಗೆಯೂ ನಡೆಯೋದಿಲ್ಲ. ದೂರ ನಿಂತು 1912ಕ್ಕೆ ಫೋನು ಮಾಡಿ ಲೈನು ಬಂದ್ ಮಾಡಿಸಿರಿ. ತಂತಿ ನೆಲಕ್ಕೆ ಬಿದ್ದಿದ್ದರೆ ಸುತ್ತಲ ನೆಲದಾಗೂ ಕರೆಂಟು ಇರತೈತಿ. ಹತ್ತಿರ ಇದ್ದವರು ದೊಡ್ಡ ಹೆಜ್ಜೆ ಹಾಕದೆ, ಎರಡೂ ಪಾದ ಜೋಡಿಸಿ, ತೆವಳಿದಂಗ ಸರಿಯಬೇಕು. ಕರೆಂಟು ಹೋದ ಮೇಲೆ ಅವನು ಉಸಿರಾಡದಿದ್ದರೆ 108ಕ್ಕೆ ಹೇಳಿ, ಎದೆಯ ನಡುವೆ ಎರಡೂ ಕೈಯಿಟ್ಟು ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತುತ್ತಾ ಇರ್ರಿ. ಆಂಬುಲೆನ್ಸ್ ಬರೋವರೆಗೂ ಬಿಡಬ್ಯಾಡ್ರಿ. 2019ರ ಮಹಾಪೂರದಂಗ ಕೃಷ್ಣೆ ಮನೆಯೊಳಗೆ ಹೊಕ್ಕು ಹೋದ ಮೇಲೆ, ಗೋಡೆ ಒಣಗಿ, ವಾಯರಿಂಗ್ ತೋರಿಸುವ ತನಕ ಸ್ವಿಚ್ ಮುಟ್ಟಬ್ಯಾಡ್ರಿ.

ಬಾಬಾಸಾಹೇಬರು 1925ರಲ್ಲಿ ನಮ್ಮ ನಿಪ್ಪಾಣಿಗೆ ಬಂದು ಪರಿಷತ್ತು ನಡೆಸಿದರು. ಅದು ನಿಮಗೆ ಗೊತ್ತು. 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯ ಸದಸ್ಯರಾಗಿದ್ದಾಗ ಈ ದೇಶದ ವಿದ್ಯುತ್ ಯೋಜನೆಯ ಹೊಣೆಯೂ ಅವರದೇ ಆಗಿತ್ತು. ಬಡತನ ಕಳೆಯಬೇಕಾದರೆ ಅಗ್ಗದ, ಹೇರಳವಾದ ಕರೆಂಟು ಬೇಕು ಎಂಬುದು ಅವರ ವಿಚಾರ. ಅವರು ನಮ್ಮ ಬಾಳಿಗೆ ಬೇಕೆಂದ ಕರೆಂಟಿಗೆ, ಅವರ ಜಯಂತಿಯ ದಿನವೇ ನಮ್ಮ ಹುಡುಗ ಬಲಿಯಾಗಬಾರದು.

ನಾಳೆ ಮುಂಜಾನೆ ನಿಮ್ಮ ನಿಮ್ಮ ಹಾಸ್ಟೆಲಿನ ಮಾಳಿಗೆ ಏರ್ರಿ. ತಂತಿ ಎಷ್ಟು ದೂರ ಐತಿ, ಕಣ್ಣಳತೆಯಲ್ಲೇ ನೋಡ್ರಿ, ಕೋಲು ಚಾಚಬ್ಯಾಡ್ರಿ. 11,000 ವೋಲ್ಟಿನ ತಂತಿ ಮಾಳಿಗೆಯಿಂದ ಮೇಲಕ್ಕೆ 3.7 ಮೀಟರ್, ಪಕ್ಕಕ್ಕೆ 1.2 ಮೀಟರ್ ದೂರ ಇರಲೇಬೇಕು. ಇಲ್ಲದಿದ್ದರೆ ಅರ್ಜಿ ಬರೀರಿ, ವಾರ್ಡನ್‌ಗೆ ಒಂದು, ಹೆಸ್ಕಾಂಗೆ ಒಂದು, ವಿದ್ಯುತ್ ಪರಿವೀಕ್ಷಕರಿಗೆ ಒಂದು. ಸೀಲು ಹಾಕಿಸದೆ ಬರಬ್ಯಾಡ್ರಿ. ಧ್ವಜ ಮೂರು ಅಡಿ ಕೆಳಗೆ ಹಾರಿದರೂ ನೀಲಿಯೇ ಇರತೈತಿ. ಅದನ್ನು ಏರಿಸಿದ ಹುಡುಗ ಸಂಜೆ ಊಟಕ್ಕೆ ಪಂಕ್ತಿಯಲ್ಲಿ ಇರಬೇಕು.

ಜೈಭೀಮ್.