ವಿದ್ಯುತ್ತಿನ ಮನೆಯವರು ಮಾತಾಡಲಿ
(ಮುಂಬಯಿಯ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯಲ್ಲಿ ನಾಡುನುಡಿಗಳನ್ನು ಕುರಿತು ಮಾತಾಡುವುದು ರೂಢಿ. ಆ ಕೆಲಸವನ್ನು ನಮಗಿಂತ ಬಲ್ಲವರು ಆಗಲೇ ಮಾಡಿದ್ದಾರೆ. ಬ್ಯಾಂಕಿನ ಗುಮಾಸ್ತರಾದ ನಾವು ಬೇರೊಂದು ಕಸುಬಿನವರ ವಿಷಯವಾಗಿ ನಾಲ್ಕು ಮಾತು ಅರಿಕೆ ಮಾಡಬಯಸುತ್ತೇವೆ.

ವಿದ್ಯುತ್ತಿನ ಕೆಲಸದಲ್ಲಿರುವವರು ನಮ್ಮ ಸಂಘದಲ್ಲಿಯೇ ಹಲವರಿದ್ದಾರೆ. ಅವರನ್ನು ಕಂಡೊಡನೆ ನಾವು ಕೇಳುವುದೇನು? "ಏನ್ರೀ, ಈ ತಿಂಗಳ ಬಿಲ್ಲು ಇಷ್ಟೇಕೆ ಬಂತು?" ಅಷ್ಟೇ. ಅವರೂ ನಕ್ಕು ಸುಮ್ಮನಾಗುತ್ತಾರೆ.

2020ನೆಯ ಇಸವಿ ಅಕ್ಟೋಬರ್ 12ರ ಬೆಳಗ್ಗೆ ಹತ್ತರ ಸುಮಾರಿಗೆ ಈ ನಗರ ನಿಂತುಹೋದುದು ತಮಗೆಲ್ಲ ನೆನಪಿದೆ. ಲೋಕಲ್ ಗಾಡಿಗಳು ನಡುದಾರಿಯಲ್ಲಿ ನಿಂತವು. ಮೇಲಾಗಿ ಅದು ಕೊರೋನಾ ಕಾಲ. ನಮ್ಮ ಶಾಖೆಯಲ್ಲಿ ಗಿರಾಕಿಗಳಿಗೆ ಉತ್ತರ ಹೇಳಿ ಸಾಕಾಗಿತ್ತು. ಸಂಜೆ ಮೆಟ್ಟಿಲ ಬಳಿ, ಸಬ್‌ಸ್ಟೇಷನ್ನಿನಲ್ಲಿ ಕೆಲಸ ಮಾಡುವ ನೆರೆಮನೆಯವರು ಎದುರಾದರು. "ನಿಮ್ಮವರೆಲ್ಲ ನಿದ್ದೆ ಮಾಡುತ್ತಿದ್ದರೇನು?" ಎಂದುಬಿಟ್ಟೆವು. ಅವರು ಉತ್ತರ ಕೊಡದೆ ಬೂಟು ಬಿಚ್ಚಿ ಒಳಗೆ ಹೋದರು. ರಾತ್ರಿಪಾಳಿ ಮುಗಿದಿದ್ದರೂ ಮನೆಗೆ ಬಾರದೆ ಅಲ್ಲಿಯೇ ದುಡಿದಿದ್ದರೆಂಬುದು ಅವರ ಮನೆಯಾಕೆಯಿಂದ ಮರುದಿನ ತಿಳಿಯಿತು. ನಾವು ಹೋಗಿ ಕ್ಷಮೆ ಬೇಡಿದೆವು. "ಕ್ಷಮೆ ಬೇಡ ರಾಯರೆ, ಒಂದು ದಿನ ಕೂತು ಕೇಳಿ, ಸಾಕು" ಎಂದರು.

ಮುಂದೆ ಸಭೆ ಸೇರಲು ಅನುಮತಿ ಬಂದ ಮೇಲೆ, ಒಂದು ಭಾನುವಾರ ಅವರು ನಮ್ಮ ಸಂಘದ ಕೋಣೆಗೆ ಬಂದರು. ಒಂದು ದೊಡ್ಡ ಕಾಗದದ ಮೇಲೆ ಪಡಘೆ, ಕಳವೆ, ಟ್ರಾಂಬೆ ಎಂದು ಗುರುತು ಹಾಕಿ ಗೆರೆ ಎಳೆದರು. ಹೊರಗಿನಿಂದ ನಗರಕ್ಕೆ ವಿದ್ಯುತ್ತು ತರುವ ಭಾರಿ ತಂತಿಗಳು ಒಂದರ ಹಿಂದೊಂದು ಕೈಕೊಟ್ಟವು; ಅಂಥ ಹೊತ್ತಿನಲ್ಲಿ ಮುಂಬಯಿಯನ್ನು ದ್ವೀಪದಂತೆ ಬೇರ್ಪಡಿಸಿ ಉಳಿಸಿಕೊಳ್ಳುವ ಏರ್ಪಾಡು ಇತ್ತು, ಅಂದು ಅದೂ ನಿಲ್ಲಲಿಲ್ಲ. ಇದನ್ನು ಅವರು ಮುಚ್ಚಿಡದೆ ಹೇಳಿದರು. ಉತ್ಪಾದನೆಯೂ ಬಳಕೆಯೂ ಸರಿಸಮನಾಗಿದ್ದರೆ ಮಾತ್ರ ಸೆಕೆಂಡಿಗೆ 50ರ ಆವರ್ತನ ನಿಲ್ಲುವುದಂತೆ. ನಮ್ಮ ಬ್ಯಾಂಕಿನಲ್ಲಿ ಜಮಾಖರ್ಚು ಸಂಜೆಗೆ ತಾಳೆಯಾದರಾಯಿತು. ಅವರಲ್ಲಿ ಕ್ಷಣಕ್ಷಣಕ್ಕೂ ತಾಳೆಯಾಗಬೇಕು! ನಾವು ಆ ಕೆಲಸಕ್ಕೆ ಒಂದು ದಿನವೂ ಬಾಳುತ್ತಿರಲಿಲ್ಲ.

ಆಗ ಸಾಗರದ ಕಡೆಯ ಒಬ್ಬ ಅಮ್ಮ ಎದ್ದರು. "ತಮ್ಮಾ, ನಾನು ಲಿಂಗನಮಕ್ಕಿ ನೀರಿನಲ್ಲಿ ಮುಳುಗಿದ ಊರಿನವಳು. ಆಗ ನನಗೆ ಹತ್ತು ವರ್ಷ. ಆ ಕರೆಂಟು ಎಲ್ಲಿಗೆ ಹೋಯಿತು? ನೀನಾದರೂ ಹೇಳು" ಎಂದರು.

ಸಭೆ ಸ್ತಬ್ಧವಾಯಿತು. ಅವರು ತಡೆದು ಹೇಳಿದರು: ಅಣೆಕಟ್ಟು ಮುಗಿದುದು 1964ರಲ್ಲಿ. ಶರಾವತಿಯ ವಿದ್ಯುದಾಗಾರದ ಶಕ್ತಿ 1035 ಮೆಗಾವಾಟ್. ವಿದ್ಯುತ್ತು ಬೆಂಗಳೂರಿಗೆ, ಕಾರ್ಖಾನೆಗಳಿಗೆ ಹೋಯಿತು. ಹೀಗೆ ದೂರ ಹೋಗುವುದು ನಮ್ಮಲ್ಲಿ ಹೊಸದೂ ಅಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದುದು 90 ಮೈಲಿಗೂ ಆಚೆಯ ಕೋಲಾರದ ಚಿನ್ನದ ಗಣಿಗಳಿಗೆ, ಬೆಂಗಳೂರಿಗೆ ದೀಪ ಬಂದುದು 1905ರಲ್ಲಿ. ಇಷ್ಟು ಹೇಳಿ, "ಅಮ್ಮಾ, ನಿಮ್ಮವರಿಗೆ ದೀಪ ಯಾವಾಗ ಬಂತು?" ಎಂದು ಕೇಳಿದರು.

"ನಮಗೆ ಕೊಟ್ಟ ಹೊಸ ಜಾಗಕ್ಕೆ ದೀಪ ಬರುವ ಹೊತ್ತಿಗೆ ನನಗೆ ಮದುವೆಯಾಗಿ ಮುಂಬಯಿಗೆ ಬಂದಾಗಿತ್ತು."

ಅವರು ಯಾವ ಸಮಾಧಾನವನ್ನೂ ಹೇಳಲಿಲ್ಲ. ಮುಳುಗಿದ ಊರಿನ ಹೆಸರು ಕೇಳಿ, ಆ ಕಾಗದದ ಮೂಲೆಯಲ್ಲಿ ಬರೆದುಕೊಂಡರು. ಆಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡುತ್ತ ಕುಳಿತಿದ್ದರು. ಬಾಗಿಲು ಹಾಕಬೇಕಾಗಿದ್ದ ನಮ್ಮ ಕಾರ್ಯದರ್ಶಿಗಳು ಬೀಗ ಹಿಡಿದು ಕಾದರು.

ಕಚೇರಿಯ ವಿಷಯ ಹೊರಗೆ ಆಡಬಾರದೆಂದು ಕೆಲವರು ಹಿಂಜರಿಯುವುದನ್ನು ಬಲ್ಲೆವು. ಬ್ಯಾಂಕಿನವರಿಗೂ ಗುಟ್ಟುಗಳುಂಟು. ಆದರೆ ಖಾತೆದಾರನ ಗುಟ್ಟು ಬೇರೆ, ಬಡ್ಡಿ ಹೇಗೆ ಬೀಳುತ್ತದೆಂಬುದು ಬೇರೆ.

ಆದುದರಿಂದ ಒಂದು ಬಿನ್ನಹ. ತಿಂಗಳಿಗೊಂದು ಭಾನುವಾರ ಸಂಘದ ಕೋಣೆಯನ್ನು ಇದಕ್ಕೆ ಬಿಡಲು ಕಾರ್ಯದರ್ಶಿಗಳು ಒಪ್ಪಿದ್ದಾರೆ. ಮಾಹುಲದ ತೈಲ ಸಂಸ್ಕರಣಾಗಾರಗಳಲ್ಲಿ, ತಾರಾಪುರದ ಅಣುವಿದ್ಯುತ್ ಕೇಂದ್ರದಲ್ಲಿ ದುಡಿಯುವವರು ಈ ಸಭೆಯಲ್ಲಿದ್ದರೆ, ಹೋಗುವ ಮುನ್ನ ಬಾಗಿಲ ಬಳಿಯ ಪುಸ್ತಕದಲ್ಲಿ ಹೆಸರು ಬರೆಯಬೇಕು. ಕೇಳುವವರೂ ಬರೆಯಬಹುದು. ಚಹದ ಖರ್ಚು ನಮ್ಮದು.